5ಜಿ ಪಿಡಿಸಿಸಿಎಚ್‌ಗೆ (ಬೇಸ್ ಸ್ಟೇಷನ್‌ನಿಂದ ಫೋನಿಗೆ ನಿಯಂತ್ರಣ ಸಂದೇಶ ಒಯ್ಯುವ ಚಾನೆಲ್) ಎಲ್‌ಡಿಪಿಸಿ (5ಜಿ ಡೇಟಾಗೆ ಬಳಸುವ ದೋಷ ತಿದ್ದುವ ಕೋಡ್) ಬದಲು ಪೋಲಾರ್ ಕೋಡ್ ಏಕೆ? ನನ್ನ ಡಿಕೋಡರ್ ಅಗ್ರಿಗೇಶನ್ ಲೆವೆಲ್ (ಒಂದು ಸಂದೇಶಕ್ಕೆ ಕೊಟ್ಟ ಸಿಸಿಇ ಎಂಬ ಚಾನೆಲ್ ತುಂಡುಗಳ ಸಂಖ್ಯೆ) 8ರಲ್ಲಿ ಕೆಲಸ ಮಾಡುತ್ತದೆ, 1 ಮತ್ತು 2ರಲ್ಲಿ ಮಾಡುವುದಿಲ್ಲ, ಏನು ತಪ್ಪಿರಬಹುದು?

ಡಿಕೋಡರ್ ಸೋಲುತ್ತಿರುವುದು ಹೆಚ್ಚುಕಮ್ಮಿ ಖಂಡಿತವಾಗಿ ರೇಟ್ ಮ್ಯಾಚಿಂಗ್‌ನಲ್ಲಿ (ಕೋಡ್ ಆದ ಬಿಟ್‌ಗಳ ಸಂಖ್ಯೆಯನ್ನು ಲಭ್ಯ ಜಾಗಕ್ಕೆ ಹೊಂದಿಸುವ ಹೆಜ್ಜೆ). ಅದಕ್ಕೂ ಮೊದಲು ಪೋಲಾರ್ ಏಕೆ ಎಂಬುದನ್ನು ಹೇಳುತ್ತೇನೆ, ಏಕೆಂದರೆ ಡಿಕೋಡರ್ ಹೇಗಿರಬೇಕು ಎಂಬುದು ಅಲ್ಲಿಂದಲೇ ಬರುತ್ತದೆ.

ಡೇಟಾ ಬ್ಲಾಕ್ ಕೆಟ್ಟರೆ ಫೋನು ನ್ಯಾಕ್ (‘ಸರಿಯಾಗಿ ಬರಲಿಲ್ಲ’ ಎಂಬ ಉತ್ತರ) ಕಳಿಸುತ್ತದೆ, ಬೇಸ್ ಸ್ಟೇಷನ್ ಮತ್ತೆ ಕಳಿಸುತ್ತದೆ. ಪಿಡಿಸಿಸಿಎಚ್ ಒಯ್ಯುವ ಸಂದೇಶವಾದ ಡಿಸಿಐಗೆ ಆ ಸೌಲಭ್ಯ ಇಲ್ಲ. ಡೇಟಾ ಎಲ್ಲಿದೆ ಎಂದು ಹೇಳುವುದೇ ಡಿಸಿಐ. ಅದೇ ತಪ್ಪಿಹೋದರೆ ತನಗೆ ಏನೋ ಬಂದಿತ್ತು ಎಂಬುದೇ ಫೋನಿಗೆ ಗೊತ್ತಾಗುವುದಿಲ್ಲ. ಒಂದೇ ಸಲಕ್ಕೆ ಸರಿಯಾಗಿ ತಲುಪಬೇಕು. ಜೊತೆಗೆ ಸಂದೇಶ ತೀರಾ ಚಿಕ್ಕದು: 12 ಬಿಟ್‌ನಿಂದ ಹೆಚ್ಚೆಂದರೆ 140 ಬಿಟ್. ಎಲ್‌ಡಿಪಿಸಿ, ಟರ್ಬೊ ಎರಡರ ಶಕ್ತಿಯೂ ಹೊರಬರುವುದು ಸಾವಿರಾರು ಬಿಟ್‌ಗಳ ಉದ್ದದಲ್ಲಿ. ಎಲ್‌ಟಿಇ ಕೂಡ ಇದೇ ಕಾರಣಕ್ಕೆ ಡೇಟಾಗೆ ಟರ್ಬೊ ಇಟ್ಟುಕೊಂಡು, ಪಿಡಿಸಿಸಿಎಚ್‌ಗೆ ಟೇಲ್-ಬೈಟಿಂಗ್ ಕನ್ವಲ್ಯೂಷನಲ್ ಕೋಡ್ ಬಳಸಿತು. 2016ರ ನವೆಂಬರ್‌ನಲ್ಲಿ ಅಮೆರಿಕದ ರೀನೊದಲ್ಲಿ ನಡೆದ 3ಜಿಪಿಪಿ (ಮೊಬೈಲ್ ಮಾನದಂಡ ರೂಪಿಸುವ ಒಕ್ಕೂಟ) ಸಭೆಯಲ್ಲಿ 5ಜಿ ಕಂಟ್ರೋಲ್ ಚಾನೆಲ್‌ಗೆ ಪೋಲಾರ್ ಆಯ್ಕೆಯಾಯಿತು.

ಪೋಲಾರ್ ಕೋಡ್ ರೂಪಿಸಿದ ಟರ್ಕಿಯ ಎರ್ದಾಲ್ ಅರಿಕಾನ್, ಅದು ಚಾನೆಲ್‌ನ ಗರಿಷ್ಠ ಸಾಮರ್ಥ್ಯ ಮುಟ್ಟುತ್ತದೆ ಎಂದು 2009ರ ಪ್ರಬಂಧದಲ್ಲಿ ತೋರಿಸಿದ್ದು ಉದ್ದ ಅನಂತಕ್ಕೆ ಹೋದಾಗ ನಿಜ. 128 ಅಥವಾ 256 ಉದ್ದದಲ್ಲಿ ಬರಿಯ ಸಕ್ಸೆಸಿವ್ ಕ್ಯಾನ್ಸಲೇಷನ್ (ಬಿಟ್‌ಗಳನ್ನು ಒಂದೊಂದಾಗಿ ತೀರ್ಮಾನಿಸುವ) ಡಿಕೋಡರ್ ಸಾಧಾರಣವೇ. ಎಂಟು ದಾರಿಗಳನ್ನು ಜೀವಂತ ಇಟ್ಟುಕೊಂಡು, ಕೊನೆಗೆ ಯಾವುದು ಸರಿ ಎಂದು ಸಿಆರ್‌ಸಿಯಿಂದ (ತಪ್ಪು ಹಿಡಿಯುವ ತಪಾಸಣಾ ಬಿಟ್‌ಗಳಿಂದ) ಆರಿಸಿದಾಗ ಮಾತ್ರ ಅದು ಪೈಪೋಟಿಗೆ ನಿಲ್ಲುತ್ತದೆ. ಹಾಗಾಗಿ ಸಿಆರ್‌ಸಿಯನ್ನು ಕೊನೆಯಲ್ಲಿ ಅಂಟಿಸಿದ ತಪಾಸಣೆ ಎಂದು ನೋಡಬೇಡಿ, ಕೋಡಿನ ಭಾಗವೆಂದೇ ನೋಡಿ.

ಅದಕ್ಕೆ ಇನ್ನೊಂದು ಹೊಣೆಯೂ ಇದೆ. ಡಿಸಿಐ ಇದೆಯೋ ಇಲ್ಲವೋ ಗೊತ್ತಿಲ್ಲದೆ ಫೋನು 15 ಕಿಲೋಹರ್ಟ್ಸ್ ಅಂತರದಲ್ಲಿ ಪ್ರತಿ ಸ್ಲಾಟ್‌ಗೆ (1 ಮಿಲಿಸೆಕೆಂಡ್) 44ರವರೆಗೆ ಕ್ಯಾಂಡಿಡೇಟ್‌ಗಳನ್ನು (ಡಿಸಿಐ ಇರಬಹುದಾದ ಜಾಗಗಳನ್ನು) ಪರೀಕ್ಷಿಸುತ್ತದೆ. ಎಲ್‌ಟಿಇಯ 16 ಬಿಟ್ ಸಿಆರ್‌ಸಿಯನ್ನಷ್ಟೇ ನಂಬಿದರೆ, ಬರಿಯ ನಾಯ್ಸ್ ಮೇಲೆ ಸೆಕೆಂಡಿಗೆ 44,000 ಪ್ರಯತ್ನ, ಅಂದರೆ ಸುಮಾರು ಒಂದೂವರೆ ಸೆಕೆಂಡಿಗೊಂದು ಸುಳ್ಳು ಡಿಸಿಐ. 5ಜಿಯಲ್ಲಿ 24 ಬಿಟ್ ಇದೆ. ಎಂಟು ದಾರಿಗಳಲ್ಲೂ ಸಿಆರ್‌ಸಿ ನೋಡಿದರೆ 3 ಬಿಟ್ ಖರ್ಚಾಗಿ 21 ಉಳಿಯುತ್ತದೆ: ಸುಮಾರು 48 ಸೆಕೆಂಡಿಗೊಂದು. ಆದ್ದರಿಂದ ಲಿಸ್ಟ್ ಅನ್ನು (ಜೀವಂತ ಇಡುವ ದಾರಿಗಳ ಸಂಖ್ಯೆಯನ್ನು) 32ಕ್ಕೆ ಏರಿಸುವ ಮೊದಲು ಯೋಚಿಸಿ. ಸುಳ್ಳು ಅಪ್‌ಲಿಂಕ್ ಗ್ರಾಂಟ್ ನಂಬಿದ ಫೋನು ಬೇರೆಯವರ ಜಾಗದಲ್ಲಿ ಪ್ರಸಾರ ಮಾಡುತ್ತದೆ.

ಈಗ ನಿಮ್ಮ ದೋಷ. 40 ಬಿಟ್ ಡಿಸಿಐ ತೆಗೆದುಕೊಳ್ಳಿ. ಸಿಆರ್‌ಸಿ ಸೇರಿ 64. ಒಂದು ಸಿಸಿಇಯಲ್ಲಿ ಪೈಲಟ್ ಕಳೆದು 54 ರಿಸೋರ್ಸ್ ಎಲಿಮೆಂಟ್, ಕ್ಯೂಪಿಎಸ್‌ಕೆಯಲ್ಲಿ 108 ಬಿಟ್. ಲೆವೆಲ್ 8ರಲ್ಲಿ 864 ಬಿಟ್, ಕೋಡ್ ಉದ್ದ 512, ಹಾಗಾಗಿ 352 ಬಿಟ್ ಪುನರಾವರ್ತನೆ. ಲೆವೆಲ್ 2ರಲ್ಲಿ 216 ಬಿಟ್, ಉದ್ದ 256, 40 ಬಿಟ್ ಪಂಕ್ಚರ್ (ಕಳಿಸದೆ ಬಿಡುವುದು). ಲೆವೆಲ್ 1ರಲ್ಲಿ 108 ಬಿಟ್, ಉದ್ದ 128, ದರ 7/16ಕ್ಕಿಂತ ಹೆಚ್ಚಾದ್ದರಿಂದ 20 ಬಿಟ್ ಶಾರ್ಟನ್ (ಸೊನ್ನೆಯೆಂದು ಮೊದಲೇ ಗೊತ್ತಿರುವ ಬಿಟ್‌ಗಳನ್ನು ಕಳಿಸದೆ ಬಿಡುವುದು). ಅದೇ ಡಿಸಿಐ ಮೂರು ಬೇರೆ ದಾರಿಗಳಲ್ಲಿ ಹೋಗುತ್ತದೆ. ನಿಮ್ಮದು ಮೊದಲನೆಯದರಲ್ಲಷ್ಟೇ ಸರಿ ಇದೆ.

ಪಂಕ್ಚರ್ ಆದ ಬಿಟ್‌ನ ಬಗ್ಗೆ ರಿಸೀವರ್‌ಗೆ ಏನೂ ಗೊತ್ತಿಲ್ಲ, ಆದ್ದರಿಂದ ಎಲ್‌ಎಲ್‌ಆರ್ (ಬಿಟ್ 0 ಅಥವಾ 1 ಎಂಬ ನಂಬಿಕೆಯ ಅಳತೆ) ಸೊನ್ನೆ. ಶಾರ್ಟನ್ ಆದ ಬಿಟ್ ಸೊನ್ನೆಯೇ ಎಂದು ಖಚಿತವಾಗಿ ಗೊತ್ತು, ಆದ್ದರಿಂದ ಎಲ್‌ಎಲ್‌ಆರ್ ದೊಡ್ಡ ಧನಸಂಖ್ಯೆ (ಧನ ಎಂದರೆ 0 ಎನ್ನುವ ರೂಢಿಯಲ್ಲಿ). ಎರಡಕ್ಕೂ ಸೊನ್ನೆ ತುಂಬುವುದು ತುಂಬಾ ಸಾಮಾನ್ಯ ತಪ್ಪು. ಫ್ಲೋಟ್‌ನಲ್ಲಿ ಅನಂತವನ್ನೇ ಹಾಕಬೇಡಿ: ಲಿಸ್ಟ್‌ನ ತಪ್ಪು ದಾರಿಯಲ್ಲಿ ಅನಂತದಿಂದ ಅನಂತ ಕಳೆದು ಎನ್‌ಎಎನ್ ಬರುತ್ತದೆ. ಪಂಕ್ಚರ್ ಆಗುವುದು ಸಬ್-ಬ್ಲಾಕ್ ಇಂಟರ್‌ಲೀವರ್ (ಬಿಟ್‌ಗಳ ಕ್ರಮ ಬದಲಿಸುವ ಹಂತ) ದಾಟಿದ ನಂತರದ ಮೊದಲ ಬಿಟ್‌ಗಳು, ಶಾರ್ಟನ್ ಆಗುವುದು ಕೊನೆಯವು.

ಪಂಕ್ಚರಿಂಗ್‌ನಲ್ಲಿ ಇನ್ನೊಂದು ಹೆಜ್ಜೆ ಬಿಟ್ಟುಹೋಗಿರಬಹುದು. ವಿಶ್ವಾಸಾರ್ಹತೆ ಪಟ್ಟಿಯಿಂದ ಆರಿಸುವ ಮುನ್ನವೇ ಮೊದಲ ಕೆಲವು ಸ್ಥಾನಗಳನ್ನು ಫ್ರೋಜನ್ (ಸಂದೇಶ ಇಡದೆ ಸದಾ 0) ಮಾಡಬೇಕು. ಮೇಲಿನ ಲೆವೆಲ್ 2ರ ಉದಾಹರಣೆಯಲ್ಲಿ 0ಯಿಂದ 83ರವರೆಗೆ, ಒಟ್ಟು 84 ಸ್ಥಾನ. ಪಂಕ್ಚರ್‌ಗೆ ಸಂಬಂಧಿಸಿದ ಸ್ಥಾನಗಳೂ ಸೇರಬೇಕು. ಶಾರ್ಟನಿಂಗ್‌ಗೆ ಈ ಹೆಚ್ಚುವರಿ ಸಾಲು ಇಲ್ಲ.

ಪರೀಕ್ಷೆಯನ್ನು ನಾಯ್ಸ್ ಇಲ್ಲದೆ, ಲಿಸ್ಟ್ 1ರಲ್ಲಿ ಶುರು ಮಾಡಿ. ಮೂರೂ ಲೆವೆಲ್‌ಗಳು ಪಾಸಾಗಲೇಬೇಕು. ಆಮೇಲೆ ನಾಯ್ಸ್ ಸೇರಿಸಿ ಲೆವೆಲ್ 8ನ್ನೂ ಮತ್ತೆ ನೋಡಿ. ಪುನರಾವರ್ತಿತ ಬಿಟ್‌ಗಳ ಎಲ್‌ಎಲ್‌ಆರ್ ಕೂಡಿಸದೆ ಮೊದಲ ಪ್ರತಿಯನ್ನಷ್ಟೇ ಬಳಸಿದ್ದರೂ ನಾಯ್ಸ್ ಇಲ್ಲದಾಗ ಪಾಸಾಗುತ್ತದೆ, ಆದರೆ ಸುಮಾರು 2.3 ಡಿಬಿ ಶಕ್ತಿ ವ್ಯರ್ಥ.

ನಿಮ್ಮದೇ ಎನ್‌ಕೋಡರ್ ಜೊತೆ ಪಾಸಾಯಿತು ಎಂದು ನೆಚ್ಚಿಕೊಳ್ಳಬೇಡಿ. ಅರಿಕಾನ್ ಮೂಲ ರೂಪದಲ್ಲಿ ಬಿಟ್-ರಿವರ್ಸಲ್ ಇದೆ, 3ಜಿಪಿಪಿಯ 38.212 ಮಾನದಂಡದಲ್ಲಿ ಇಲ್ಲ. ಎರಡೂ ಕಡೆ ಅದೇ ತಪ್ಪಿದ್ದರೆ ಸಿಮ್ಯುಲೇಷನ್ ಚೆನ್ನಾಗಿ ನಡೆಯುತ್ತದೆ, ನಿಜವಾದ ಸಿಗ್ನಲ್ ಮಾತ್ರ ಡಿಕೋಡ್ ಆಗುವುದಿಲ್ಲ. ಸಿಆರ್‌ಸಿ ಲೆಕ್ಕಕ್ಕೆ ಮುಂದೆ 24 ಒಂದುಗಳನ್ನು ಸೇರಿಸಬೇಕು (ಅವು ಪ್ರಸಾರವಾಗುವುದಿಲ್ಲ), ಕೊನೆಯ 16 ಬಿಟ್‌ಗೆ ಮಾತ್ರ ಆರ್‌ಎನ್‌ಟಿಐ (ನೆಟ್‌ವರ್ಕ್ ಕೊಡುವ ಗುರುತು ಸಂಖ್ಯೆ) ಎಕ್ಸಾರ್ ಮಾಡಬೇಕು.

ಮುಂದೆ ಅಪ್‌ಲಿಂಕ್ ಕಂಟ್ರೋಲ್ ಬರೆಯುವಾಗ ಇದೇ ಡಿಕೋಡರ್ ಅನ್ನು ಹಾಗೇ ಎತ್ತಿಕೊಳ್ಳಬೇಡಿ. ಅಲ್ಲಿ 1 ಬಿಟ್‌ಗೆ ಪುನರಾವರ್ತನೆ, 2ಕ್ಕೆ ಸಿಂಪ್ಲೆಕ್ಸ್, 3ರಿಂದ 11ಕ್ಕೆ ರೀಡ್-ಮುಲ್ಲರ್ ಬಗೆಯ ಬ್ಲಾಕ್ ಕೋಡ್. ಪೋಲಾರ್ ಶುರುವಾಗುವುದು 12ರಿಂದ. 12ರಿಂದ 19ರವರೆಗೆ 6 ಬಿಟ್ ಸಿಆರ್‌ಸಿ ಮತ್ತು 3 ಪ್ಯಾರಿಟಿ ಚೆಕ್ ಬಿಟ್, 20ರಿಂದ ಮೇಲೆ 11 ಬಿಟ್ ಸಿಆರ್‌ಸಿ. ಗರಿಷ್ಠ ಉದ್ದ 512 ಅಲ್ಲ, 1024. ಡೌನ್‌ಲಿಂಕ್‌ನಲ್ಲಿರುವ ಸಿಆರ್‌ಸಿ ಹರಡುವ ಇಂಟರ್‌ಲೀವರ್ ಅಲ್ಲಿ ಇರುವುದಿಲ್ಲ, ಬದಲಿಗೆ ರೇಟ್ ಮ್ಯಾಚಿಂಗ್ ಆದಮೇಲೆ ತ್ರಿಕೋನಾಕಾರದ ಇನ್ನೊಂದು ಇಂಟರ್‌ಲೀವರ್ ಇರುತ್ತದೆ.