ಅಜ್ಜನ ಕೈ ಅಜ್ಜನಿಗೇ ಗೊತ್ತು

ಹಾಸನದ ಕಡೆಯಿಂದ ಬಂದ ಪತ್ರ ಇದು. ಬರೆದವಳಿಗೆ 23 ವರ್ಷ. ಜಿಎನ್‌ಎಂ ನರ್ಸಿಂಗ್ ಕೋರ್ಸ್ ಮುಗಿಸಿ, ಡಯಾಲಿಸಿಸ್ ಯೂನಿಟ್‌ಗೆ ಸೇರಿ ಮೂರು ವಾರ ಆಗಿದೆ. ಫಿಸ್ಟುಲಾಗೆ, ಅಂದರೆ ಡಯಾಲಿಸಿಸ್‌ಗೆಂದೇ ರೋಗಿಯ ಕೈಯಲ್ಲಿ ಜೋಡಿಸಿದ ರಕ್ತನಾಳಕ್ಕೆ, ಸೂಜಿ ಹಾಕುವಾಗ ಇವಳ ಕೈ ನಡುಗುತ್ತದಂತೆ. ಮೊನ್ನೆ ಒಬ್ಬ ಅಜ್ಜನಿಗೆ ಎರಡು ಸಲ ಚುಚ್ಚಿಯೂ ಸಿಗದೆ ಕೈ ಊದಿಕೊಂಡಿತು. ಸೀನಿಯರ್ ಸಿಸ್ಟರ್ ಎಲ್ಲರೆದುರೇ ಬೈದರು. ಮನೆಗೆ ಬಂದರೆ ಸೋದರಮಾವ, 'ಕಿಡ್ನಿ ಕಾಯಿಲೆ ಅಂಟುತ್ತೆ, ಆಮೇಲೆ ಗಂಡು ಸಿಗಲ್ಲ, ಬಿಟ್ಟುಬಿಡು' ಅಂದರು. 'ಕೆಲಸ ಬಿಡಲಾ?' ಅಂತ ಕೇಳಿದ್ದಾಳೆ.

ಮೊದಲು ಮಾವನ ವಿಚಾರ ಮುಗಿಸೋಣ. ಕಿಡ್ನಿ ಕೆಟ್ಟಿದ್ದು ಯಾರಿಗೂ ಅಂಟುವುದಿಲ್ಲ. ರಕ್ತದಿಂದ ಹರಡುವ ಹೆಪಟೈಟಿಸ್ ಬಿ ಬಗ್ಗೆ ಹುಷಾರಾಗಿರಬೇಕು, ನಿಜ. ಅದಕ್ಕೆ ಮೂರು ಡೋಸ್ ಲಸಿಕೆ ಇದೆ, ಬಾಕಿ ಇದ್ದರೆ ಹಾಕಿಸಿಕೋ. ಮಾವನ ಬಾಯಿಗೆ ಮಾತ್ರ ಲಸಿಕೆ ಇಲ್ಲ. ಮದುವೆ ಮಾತು ಬಂದ ಕೂಡಲೇ ಈ ಮಾವಂದಿರೆಲ್ಲ ಡಾಕ್ಟರಾಗುವುದು ಯಾಕೋ!

ಬೈದ ಸಿಸ್ಟರ್ ಮೇಲೆ ನನಗೆ ಸಿಟ್ಟಿಲ್ಲ. ಎಲ್ಲರೆದುರು ಬೈಯಬಾರದಿತ್ತು, ಸರಿ. ಆದರೆ ಆಪರೇಷನ್ ಮಾಡಿ ಎರಡು ರಕ್ತನಾಳ ಜೋಡಿಸಿ, ವಾರಗಟ್ಟಲೆ ಕಾದು ಬಲಿಸಿಕೊಂಡ ಕೈ ಅದು. ಕೆಟ್ಟರೆ ಅಜ್ಜ ಮತ್ತೆ ಆಪರೇಷನ್‌ಗೆ ಮಲಗಬೇಕು. ಸಿಸ್ಟರ್‌ಗೆ ನಿನ್ನ ಕಣ್ಣೀರಿಗಿಂತ ಆ ಕೈ ದೊಡ್ಡದು. ನನಗೂ ಅಷ್ಟೇ.

ಈಗ ನೀನು ಕೊನೆಗೆ ಸುಮ್ನೆ ತೇಲಿಸಿಬಿಟ್ಟ ಮಾತಿಗೆ ಬರುತ್ತೇನೆ. ಚುಚ್ಚುವಾಗ ಅಜ್ಜ, 'ಅಲ್ಲಲ್ಲ ಮಗಾ, ಒಂದು ಬೆರಳು ಮೇಲಕ್ಕೆ' ಅಂದರಂತೆ. ಗಾಬರಿಯಲ್ಲಿ ನೀನು ಕಿವಿಗೆ ಹಾಕಿಕೊಳ್ಳಲಿಲ್ಲ. ನಿನ್ನ ಕಷ್ಟವೆಲ್ಲ ಅಲ್ಲೇ ಇದೆ ಕಣೇ! ಏಳು ವರ್ಷದಿಂದ ಬರುತ್ತಿದ್ದಾರೆ ಅಂತ ನೀನೇ ಬರೆದಿದ್ದೀಯ. ವಾರಕ್ಕೆ 2 ಸಲ, ಸಲಕ್ಕೆ 2 ಸೂಜಿ. ಲೆಕ್ಕ ಹಾಕು, 1,400ಕ್ಕೂ ಜಾಸ್ತಿ. ನೀನು ಹಾಕಿದ್ದು ಎಷ್ಟು? ಆ ಕೈ ಮಟ್ಟಿಗೆ ಅಜ್ಜನೇ ನಿನಗೆ ಸೀನಿಯರ್, ಅಲ್ವಾ? ನೋವು ಯಾರದೋ ಅವರನ್ನು ಮೊದಲು ಕೇಳಿ ಅಂತ ಇದೇ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ, ಓದುವವರಿಗೂ ಬೇಜಾರಾಗಿರಬೇಕು.

ಬಿಡುವ ಮಾತು ಈಗ ಬೇಡ. ಅಜ್ಜ ಮತ್ತೆ ಬಂದಾಗ ಕೈ ತೊಳೆದು, ಫಿಸ್ಟುಲಾ ಮೇಲೆ ಬೆರಳಿಡು. ಜುಮ್ಮೆನ್ನುವ ಆ ಮಿಡಿತ ಸಿಗದಿದ್ದರೆ ಸೂಜಿ ಮುಟ್ಟಬೇಡ, ಸಿಸ್ಟರನ್ನು ಕರೆ. ಸಿಕ್ಕರೆ, ಊದಿದ ಜಾಗ ಬಿಟ್ಟು, 'ಎಲ್ಲಿ ಹಾಕಲಿ ಅಜ್ಜಾ?' ಅಂತ ಕೇಳು. ನೋವಾಗಲ್ಲ ಅಂತ ದಿನಾ ಒಂದೇ ಜಾಗ ತೋರಿಸಿದರೆ ಮಾತ್ರ ಒಪ್ಪಬೇಡ, ಅಲ್ಲೇ ಚುಚ್ಚುತ್ತಿದ್ದರೆ ನಾಳ ಉಬ್ಬಿಕೊಳ್ಳುತ್ತದೆ. ಅದನ್ನು ಅಜ್ಜನಿಗೆ ನೀನು ಹೇಳಿಕೊಡು.