ತಮ್ಮನಿಗೆ ತೀವ್ರ ಒಸಿಡಿ (ಗೀಳು ಕಾಯಿಲೆ). ಅಡ್ಮಿಟ್ ಮಾಡಿ ಅಂದಿದ್ದಾರೆ. ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ?

ದಿನದಲ್ಲಿ ಐದಾರು ಗಂಟೆ ಕೈ ತೊಳೆಯುತ್ತಾನೆ, ಊಟವನ್ನೂ ಬಿಟ್ಟಿದ್ದಾನೆ, ಸೇರಿಸಿದರೆ ಕೂಡಿಹಾಕುತ್ತಾರಾ ಅಂತ ಕೇಳಿದ್ದೀರಿ. ನಾನು ಮಾನಸಿಕ ಆರೋಗ್ಯ ವಾರ್ಡಿನಲ್ಲಿ ನರ್ಸ್. ಕೂಡಿಹಾಕುವುದು ಒಸಿಡಿಗೆ ಚಿಕಿತ್ಸೆಯೇ ಅಲ್ಲ. ಹೆಚ್ಚಿನವರಿಗೆ ಅಡ್ಮಿಷನ್ ಬೇಕಾಗುವುದೂ ಇಲ್ಲ. ಆದರೆ ಊಟ ಬಿಟ್ಟಿದ್ದರೆ, ಸಾಯುವ ಮಾತಾಡುತ್ತಿದ್ದರೆ ತಡ ಮಾಡಬೇಡಿ.

ಮುಖ್ಯ ಚಿಕಿತ್ಸೆಗೆ ಇಆರ್‌ಪಿ ಅಂತಾರೆ. ಭಯ ಹುಟ್ಟಿಸುವುದನ್ನು ಬೇಕಂತಲೇ ಮುಟ್ಟಬೇಕು, ಆಮೇಲೆ ತೊಳೆಯದೆ ಇರಬೇಕು. 1966ರಲ್ಲಿ ಲಂಡನ್ನಿನ ಮನಶ್ಶಾಸ್ತ್ರಜ್ಞ ವಿಕ್ಟರ್ ಮೇಯರ್ ಈ ದಾರಿಯ ಬಗ್ಗೆ ಬರೆದಾಗ, ಅವರ ಇಬ್ಬರು ರೋಗಿಗಳೂ ಆಸ್ಪತ್ರೆಯಲ್ಲೇ ಇದ್ದವರು. ಆಗ ರೋಗಿ ಎಚ್ಚರವಿರುವಷ್ಟು ಹೊತ್ತೂ ನರ್ಸ್‌ಗಳು ಕಾಯುತ್ತಿದ್ದರು, ನಲ್ಲಿ ನೀರನ್ನೂ ನಿಲ್ಲಿಸಿದ್ದರು. ಈಗ ರೋಗಿಯನ್ನು ಕೂರಿಸಿಕೊಂಡು, ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ ಅಂತ ಅವರ ಒಪ್ಪಿಗೆಯಿಂದಲೇ ಪಟ್ಟಿ ಮಾಡುತ್ತೇವೆ.

ಬಾಗಿಲ ಹಿಡಿ ಮುಟ್ಟಿ ಬಂದವರು ಬೆರಳುಗಳನ್ನು ಅಗಲಿಸಿ, ಅಂಗಿಗೆ ತಾಗದ ಹಾಗೆ ಹಿಡಿದು ಕೂತಿರುತ್ತಾರೆ. "ಸಿಸ್ಟರ್, ಏನೂ ಆಗಲ್ಲ ಅಲ್ವಾ?" ಅಂತ ಮತ್ತೆ ಮತ್ತೆ ಕೇಳುತ್ತಾರೆ. "ಏನೂ ಆಗಲ್ಲ" ಅಂತ ನಾನು ಹೇಳುವುದಿಲ್ಲ. ಹೇಳಿದರೆ ಆ ಮಾತೂ ಕೈ ತೊಳೆದ ಹಾಗೇ, ಸ್ವಲ್ಪ ಹೊತ್ತಿಗೆ ಮತ್ತೆ ಬೇಕಾಗುತ್ತದೆ. "ತುಂಬಾ ಕಷ್ಟ ಆಗ್ತಿದೆ ಅಂತ ಗೊತ್ತು, ನಾನು ಇಲ್ಲೇ ಇರ್ತೀನಿ" ಅನ್ನುತ್ತೇನೆ. ಆಸ್ಪತ್ರೆಯ ದೊಡ್ಡ ಲಾಭ ಇದೇ ಅಂತ ನನ್ನ ನಂಬಿಕೆ. ತೊಳೆಯಲೇಬೇಕು ಅನ್ನಿಸುವ ಹೊತ್ತಿಗೆ ಪಕ್ಕದಲ್ಲಿ ಕಲಿತವರೊಬ್ಬರು ಇರುತ್ತಾರೆ. ವಾರಕ್ಕೊಮ್ಮೆ ಡಾಕ್ಟರನ್ನು ನೋಡಿ ಬಂದರೆ ಅದು ಸಿಗುವುದಿಲ್ಲ.

ಮಾತ್ರೆಯೂ ಇರುತ್ತದೆ, ಸರ್ಟ್ರಾಲಿನ್, ಫ್ಲೂಕ್ಸೆಟಿನ್ ಥರದ್ದು. ಒಸಿಡಿಗೆ ಡೋಸ್ ಸಾಮಾನ್ಯವಾಗಿ ಖಿನ್ನತೆಗಿಂತ ಜಾಸ್ತಿ ಬೇಕಾಗುತ್ತದೆ. ಪೂರ್ತಿ ಪರಿಣಾಮ ತಿಳಿಯಲು 8ರಿಂದ 12 ವಾರ ಹಿಡಿಯಬಹುದು. ಎರಡು ವಾರಕ್ಕೇ ಗುಣ ಇಲ್ಲ ಅಂತ ನಿಲ್ಲಿಸಬೇಡಿ.

ಸೇರಿಸುವ ಮೊದಲು ಇಆರ್‌ಪಿ ಮಾಡಿಸುವವರು ಇದ್ದಾರಾ, ವಾರದಲ್ಲಿ ಎಷ್ಟು ದಿನ ಮಾಡಿಸುತ್ತಾರೆ ಅಂತ ಕೇಳಿ. ಸುಮ್ನೆ ಮಾತ್ರೆ ಕೊಟ್ಟು ಮಲಗಿಸುವ ವಾರ್ಡ್ ಆದರೆ ಬೇರೆ ಕಡೆ ವಿಚಾರಿಸಿ. ಮನೆಯವರನ್ನೂ ಕೂರಿಸಿ ಕಲಿಸಿ ಅಂತ ಒತ್ತಾಯಿಸಿ. ಅವನಿಗಾಗಿ ಸೋಪು ತಂದುಕೊಡುವುದು, ಬಾಗಿಲು ತೆಗೆಯುವುದು, ಸಮಾಧಾನ ಹೇಳುವುದು, ಇದನ್ನೆಲ್ಲ ಹೇಗೆ ಮೆಲ್ಲಗೆ ಕಡಿಮೆ ಮಾಡಬೇಕು ಅಂತ ಡಿಸ್ಚಾರ್ಜ್‌ಗೆ ಮೊದಲೇ, ಅವನ ಎದುರಿಗೇ ಮಾತಾಡಿಕೊಳ್ಳಿ.