ಇದ್ದಿಲು ವ್ಯಾಪಾರ: ಲಾಭ ಸೋರುವುದೆಲ್ಲಿ?

ಪ್ರಶ್ನೆ: ಇದ್ದಿಲನ್ನು ತೂಕದ ಲೆಕ್ಕದಲ್ಲಿ ಸಗಟಾಗಿ ತಂದು ಚಿಲ್ಲರೆ ಮಾರುತ್ತೇನೆ. ಕೊಂಡ ಬೆಲೆಯ ಮೇಲೆ ಶೇ. 20 ಇಟ್ಟೇ ಮಾರುವುದು. ಗಿರಾಕಿಗಳಿಗೂ ಕೊರತೆ ಇಲ್ಲ. ಆದರೂ ತಿಂಗಳ ಕೊನೆಗೆ ಕೈಯಲ್ಲಿ ಏನೂ ಉಳಿಯುತ್ತಿಲ್ಲ. ಎಲ್ಲಿ ಎಡವುತ್ತಿದ್ದೇನೆ?

ಉತ್ತರ: ಮೂಟೆಗಳ ತಳದಲ್ಲಿ ಉಳಿಯುವ ಪುಡಿಯನ್ನು ಒಮ್ಮೆ ತೂಗಿ ನೋಡಿ. ಎತ್ತಿ ಹಾಕಿದ ಪ್ರತಿ ಸಲವೂ ಇದ್ದಿಲು ಒಡೆಯುತ್ತದೆ. ಚಿಲ್ಲರೆ ಅಂಗಡಿ ಸೇರುವಷ್ಟರಲ್ಲಿ ಶೇ. 10ರಿಂದ 20ರಷ್ಟು ಪುಡಿಯಾಗುವುದು ಮಾಮೂಲು. 100 ಕಿಲೋದಲ್ಲಿ 15 ಕಿಲೋ ಪುಡಿ ಅಂದುಕೊಳ್ಳಿ. ಮಾರಲು ಸಿಗುವುದು 85 ಕಿಲೋ. ಅದನ್ನು ಶೇ. 20 ಜಾಸ್ತಿಗೆ ಮಾರಿದರೂ ಬರುವುದು ನೀವು ಕೊಂಡ ಬೆಲೆಯಲ್ಲಿ 102 ಕಿಲೋಗೆ ಆಗುವಷ್ಟು ದುಡ್ಡು. ಅಂದರೆ ಉಳಿದದ್ದು 2 ಕಿಲೋ ಬೆಲೆ! ಸಾಗಣೆ, ಕೂಲಿ, ಬಾಡಿಗೆ ಎಲ್ಲ ಅದರಲ್ಲೇ ಆಗಬೇಕು. ಹಾಗಾಗಿ ಬೆಲೆ ಕಟ್ಟುವಾಗ ಜರಡಿ ಹಿಡಿದ ಮೇಲೆ ಉಳಿಯುವ ತೂಕವನ್ನೇ ಹಿಡಿಯಿರಿ.

ಇನ್ನೊಂದು ಸೋರಿಕೆ ನೀರು. ಒಣಗಿದ ಇದ್ದಿಲು ಸುಮ್ನೆ ಇಟ್ಟರೂ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಮಳೆಗೆ ನೆನೆದರಂತೂ ಕೇಳಲೇಬೇಡಿ. ನೆನೆದ ಮಾಲು ಕೊಂಡು ಒಣಗಿಸಿ ಮಾರಿದರೆ, ಆ ನೀರಿಗೂ ದುಡ್ಡು ಕೊಟ್ಟವರು ನೀವೇ ಅಲ್ವಾ?

ಕೊಳ್ಳುವಾಗ ಮೂಟೆಯ ಬಾಯಲ್ಲಿರುವುದನ್ನು ಮಾತ್ರ ನೋಡಬೇಡಿ, ನಡುವಿನಿಂದ ಒಂದು ತುಂಡು ಎಳೆದು ಮುರಿಯಿರಿ. ಚೆನ್ನಾಗಿ ಬೆಂದದ್ದಾದರೆ ಮುರಿದ ಜಾಗ ಕಪ್ಪಗೆ ಹೊಳೆಯುತ್ತದೆ, ಎರಡು ತುಂಡು ತಾಗಿಸಿದರೆ ಠಣ್ ಎನ್ನುತ್ತದೆ. ಒಳಗೆ ಕಂದು ಬಣ್ಣವಿದ್ದು, ಮುರಿಯಲು ಜಗ್ಗಬೇಕಾಗಿ ಬಂದರೆ ಅದು ಅರೆಬೆಂದ ಕೊಳ್ಳಿ. ಉರಿಸಿದಾಗ ಹೊಗೆ ಬರುತ್ತದೆ, ಗಿರಾಕಿ ಮತ್ತೆ ಬರುವುದಿಲ್ಲ. ಇದಕ್ಕೆ ಸುಡುವವರನ್ನಷ್ಟೇ ಬೈಯುವುದು ನನಗೆ ಸರಿ ಕಾಣುವುದಿಲ್ಲ. ಮಣ್ಣು ಮುಚ್ಚಿ ಸುಡುವ ಹಳೇ ಗೂಡಿನಲ್ಲಿ ಒಂದು ಕಿಲೋ ಇದ್ದಿಲಿಗೆ ಐದರಿಂದ ಹತ್ತು ಕಿಲೋ ಸೌದೆ ಹೋಗುತ್ತದೆ. ಪೂರ್ತಿ ಬೇಯಿಸಿದಷ್ಟೂ ತೂಕ ಇಳಿಯುತ್ತದೆ. ನಾವು ಬರೀ ತೂಕಕ್ಕೆ ದುಡ್ಡು ಕೊಟ್ಟರೆ ಅವರು ಯಾಕೆ ಪೂರ್ತಿ ಬೇಯಿಸುತ್ತಾರೆ? ಒಳ್ಳೆಯ ಮಾಲಿಗೆ ಸ್ವಲ್ಪ ಜಾಸ್ತಿ ಕೊಟ್ಟು ಒಬ್ಬರನ್ನೇ ನೆಚ್ಚಿಕೊಳ್ಳುವುದು ಮೇಲು. ಕಡಿಯಲು, ಸಾಗಿಸಲು ಅವರ ಬಳಿ ಪರವಾನಗಿ ಇದೆಯೇ ಎಂದೂ ಕೇಳಿ. ದಾರಿಯಲ್ಲಿ ಲೋಡು ಹಿಡಿದುಕೊಂಡರೆ ಅಸಲೇ ಹೋಗುತ್ತದೆ.

ಗೂಡಿನಿಂದ ಆಗಷ್ಟೇ ತೆಗೆದ ಮಾಲನ್ನು ನೇರವಾಗಿ ಗೋದಾಮಿಗೆ ಒಟ್ಟಬೇಡಿ. ಹೊಸ ಇದ್ದಿಲು ಗಾಳಿಯ ಆಮ್ಲಜನಕ ಹೀರಿ ತನ್ನಷ್ಟಕ್ಕೇ ಬಿಸಿಯಾಗುತ್ತದೆ. ಮುಟ್ಟಿದರೆ ತಣ್ಣಗಿದ್ದರೂ ರಾಶಿಯೊಳಗೆ ಕೆಂಡವಾಗಿ ಹೊತ್ತಿಕೊಳ್ಳಬಹುದು. ಪುಡಿ ಜಾಸ್ತಿ ಇದ್ದರೆ ಅಪಾಯವೂ ಜಾಸ್ತಿ. ಒಂದು ಪೂರ್ತಿ ದಿನವಾದರೂ ಬಯಲಲ್ಲಿ ಹರಡಿ, ಮಳೆ ತಾಗದಂತೆ ನೋಡಿಕೊಳ್ಳಿ.

ಇನ್ನು ಪುಡಿ. ಅದನ್ನು ಎಸೆಯಬೇಡಿ. ತಾನಾಗಿ ಅಂಟುವ ಗುಣ ಅದಕ್ಕಿಲ್ಲ, ಗಂಜಿ ಬೆರೆಸಿ ಅಚ್ಚಿಗೆ ಒತ್ತಿ ಒಣಗಿಸಿದರೆ ಉಂಡೆಯಾಗುತ್ತದೆ. ನೀವೇ ಮಾಡಲು ಬಿಡುವಿಲ್ಲದಿದ್ದರೆ ಮಾಡುವವರಿಗೆ ಮಾರಿ. ಆದರೆ ನೆಲ ಗುಡಿಸಿ ತುಂಬಬೇಡಿ. ಮಣ್ಣು ಸೇರಿದ ಪುಡಿಯ ಉಂಡೆ ಉರಿಯುವುದಕ್ಕಿಂತ ಬೂದಿಯಾಗುವುದೇ ಜಾಸ್ತಿ. ಜರಡಿಯ ಕೆಳಗೆ ಒಂದು ತಾಡಪಾಲು ಹಾಸಿದರೆ ಸಾಕು.